ನೊರೆ ಒಡೆಯುವ ಸದ್ದು

ನಮ್ಮ ಮನೆಯ ಎರಡು ಗಿನಿಪಿಗ್‌ಗಳಿಗೆ ಎಳ್ಳು, ಬೆಲ್ಲ ಎಂದು ಹೆಸರಿಟ್ಟವಳು ಮಗಳು. ಕೆಲವು ವರ್ಷಗಳ ಹಿಂದೆ ಸಂಕ್ರಾಂತಿಯ ಮರುದಿನ ಅವು ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಗೆ ಬಂದವು. ಒಂದು ಕಪ್ಪು, ಇನ್ನೊಂದು ಕಂದು, ಆದ್ದರಿಂದ ಹೆಸರಿಗಾಗಿ ಹೆಚ್ಚು ತಡಕಾಡಬೇಕಾಗಲಿಲ್ಲ. ಎರಡೂ ಹೆಣ್ಣು. ಕಳೆದ ಧನುರ್ಮಾಸದಲ್ಲಿ ಬೆಲ್ಲಕ್ಕೆ ನ್ಯುಮೋನಿಯಾ ಆಯಿತು. ಅದರ ಎದೆಯ ಸದ್ದು ಆರು ದಿನ ನನ್ನ ಕಿವಿಗೆ ಬೀಳುತ್ತಲೇ ಇತ್ತು, ಆದರೂ ಅದನ್ನು ನಾನು ಕಾಯಿಲೆಯ ಸದ್ದೆಂದು ಗುರುತಿಸಲಿಲ್ಲ. ಹಾಗೆ ಗುರುತಿಸದೇ ಹೋದದ್ದಕ್ಕೆ ಕಾರಣ ಅದಕ್ಕೂ ಐದು ತಿಂಗಳು ಮೊದಲು ಕೇಳಿದ ಇನ್ನೊಂದು ಸದ್ದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗಿನಿಪಿಗ್ ಸಾಕದವರಿಗೆ ಅದು ಎಷ್ಟು ಮಾತುಗಾರ ಪ್ರಾಣಿ ಎಂಬ ಅಂದಾಜು ಇರುವುದಿಲ್ಲ. ಫ್ರಿಜ್ಜಿನ ಬಾಗಿಲು ತೆರೆದರೆ ಅಥವಾ ಕೊತ್ತಂಬರಿ ಸೊಪ್ಪಿನ ಕವರ್ ಸರಬರ ಎಂದರೆ ಸಾಕು, ಇಡೀ ಮನೆಗೆ ಕೇಳುವಂತೆ ‘ವೀಕ್ ವೀಕ್’ ಎಂದು ಕೂಗುತ್ತವೆ. ಕಿವಿಯ ಹಿಂದೆ ಸವರಿದರೆ ಮೈಯೆಲ್ಲ ಸಣ್ಣಗೆ ನಡುಗಿಸುತ್ತ ಗುರುಗುಟ್ಟುತ್ತವೆ. ಒಂದರ ಗೂಡಿಗೆ ಇನ್ನೊಂದು ನುಗ್ಗಿದರೆ ಹಲ್ಲು ಕಟಕಟಿಸಿ ಸಿಟ್ಟು ತೋರಿಸುತ್ತವೆ. ಸುಮ್ಮನೆ ಅತ್ತಿತ್ತ ಓಡಾಡುವಾಗಲೂ ‘ಚುಟ್ ಚುಟ್’ ಎಂದು ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತವೆ. ಇವೆಲ್ಲ ಅವು ಬೇಕೆಂದು ಮಾಡುವ ಸದ್ದುಗಳು, ಪ್ರತಿಯೊಂದರ ಹಿಂದೆಯೂ ಒಂದು ಕಾರಣವಿರುತ್ತದೆ, ಕಾರಣ ಮುಗಿದಾಗ ಸದ್ದೂ ನಿಲ್ಲುತ್ತದೆ. ಉಸಿರಾಟದ ಸದ್ದು ಹಾಗಲ್ಲ. ಅದು ಪ್ರತಿ ಉಸಿರಿನ ಜೊತೆಗೂ ಬರುತ್ತದೆ ಮತ್ತು ಪ್ರಾಣಿ ಮಲಗಿದಾಗಲೂ ಬಿಡುವುದಿಲ್ಲ. ಇಷ್ಟು ಸರಳವಾದ ವ್ಯತ್ಯಾಸವನ್ನು ಇಂದು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಸದ್ದುಗಳ ಆ ಸಂತೆಯ ನಡುವೆ ಕುಳಿತವನಿಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ.

ಆಷಾಢದ ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಎಳ್ಳು ಸೀಟಿ ಹೊಡೆಯತೊಡಗಿತು. ಉಸಿರು ಎಳೆದುಕೊಂಡಾಗಲೆಲ್ಲ ಜಾತ್ರೆಯ ಪೀಪಿಯಂಥ ಒಂದು ಕೂಗು, ಪಕ್ಕದ ಕೋಣೆಗೂ ಕೇಳುವಷ್ಟು ಜೋರಾಗಿ. ಈ ಪ್ರಾಣಿಗಳು ಮೂಗಿನಿಂದಲೇ ಉಸಿರಾಡುವಂಥವು, ಬಾಯಿಂದ ಉಸಿರಾಡುವ ಸ್ಥಿತಿ ಬಂದರೆ ಅದು ಕೊನೆಯ ಹಂತವೇ ಸರಿ ಎಂದು ಎಲ್ಲೋ ಓದಿದ್ದ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಿಗ್ಗೆ ಎಂಟು ಗಂಟೆಗೇ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು, ಮೊಲ, ಗಿಳಿ, ಆಮೆಗಳನ್ನೂ ನೋಡುವ ನಮ್ಮ ಪಶುವೈದ್ಯರ ಬಾಗಿಲಲ್ಲಿ ನಿಂತಿದ್ದೆ. ಅವರು ಅದನ್ನು ಮೇಜಿನ ಮೇಲೆ ಬಿಟ್ಟು ಎರಡು ನಿಮಿಷ ಏನನ್ನೂ ಮಾಡದೆ ಸುಮ್ಮನೆ ನೋಡಿದರು. ಎಳ್ಳು ಅವರ ಮೇಜಿನ ಮೇಲಿದ್ದ ಕ್ಯಾರೆಟ್ ಸೊಪ್ಪನ್ನು ನಿರಾತಂಕವಾಗಿ ತಿನ್ನುತ್ತಿತ್ತು. ಪಕ್ಕೆಗಳು ನಿಧಾನವಾಗಿ ಏರಿಳಿಯುತ್ತಿದ್ದವು, ತೂಕದಲ್ಲಿ ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ, ಸ್ಟೆತಸ್ಕೋಪಿನಲ್ಲಿ ಎದೆ ಶುದ್ಧವಾಗಿತ್ತು. ಹಿಂದಿನ ಸಂಜೆ ಹುಲ್ಲಿನ ಹೊಸ ಪ್ಯಾಕೆಟ್ ಒಡೆದಿರಾ ಎಂದು ಅವರು ಕೇಳಿದರು. ಒಡೆದಿದ್ದೆ, ತಳದಲ್ಲಿ ಪುಡಿಯೇ ಹೆಚ್ಚಿದ್ದ ಆ ಪ್ಯಾಕೆಟ್ಟಿನೊಳಗೆ ಎಳ್ಳು ತಲೆಯಿಟ್ಟು ಅರ್ಧ ಗಂಟೆ ಕೆದಕಿತ್ತು. ಹಾಗೆ ಮಾತಾಡುತ್ತಿರುವಾಗಲೇ ಅದು ಎರಡು ಬಾರಿ ಸೀನಿತು, ಮೂಗಿನ ಹೊಳ್ಳೆಯ ತುದಿಯಲ್ಲಿ ಹುಲ್ಲಿನ ಒಂದು ಎಳೆ ಕಂಡಿತು, ವೈದ್ಯರು ಅದನ್ನು ಚಿಮಟದಲ್ಲಿ ಹಿಡಿದು ತೆಗೆದರು, ಸೀಟಿ ನಿಂತುಹೋಯಿತು.

“ಇದು ಮೂಗಿನ ಸದ್ದು ಸಾರ್, ಇದಕ್ಕೆಲ್ಲ ಗಾಬರಿಯಾಗಬೇಡಿ. ಎದೆಯ ಸದ್ದು ಬೇರೆ ಥರ ಇರುತ್ತೆ, ಸಣ್ಣಗಿರುತ್ತೆ, ಅದು ಕೇಳಿದರೆ ಮಾತ್ರ ತಡ ಮಾಡಬೇಡಿ” ಎಂದರು. ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು ಅದರ ಮೊದಲ ಅರ್ಧವನ್ನು ಮಾತ್ರ. ಮನೆಯಲ್ಲಿ ನನ್ನ ಆಷಾಢದ ಜಾಗರಣೆ ಒಂದು ತಿಂಗಳು ತಮಾಷೆಯ ವಸ್ತುವಾಗಿತ್ತು. ಅಂದಿನಿಂದ ಹುಲ್ಲನ್ನು ಅಂಗಳಕ್ಕೆ ಒಯ್ದು, ಮೊರದಲ್ಲಿ ಕೇರಿ, ದೂಳು ಹೋದ ಮೇಲೆಯೇ ಒಳಗೆ ತರುವ ಪದ್ಧತಿಯೊಂದು ಉಳಿಯಿತು, ಅದೇನೋ ಒಳ್ಳೆಯದೇ.

ಇನ್ನು ಧನುರ್ಮಾಸದ ವಿಷಯ. ಡಿಸೆಂಬರ್ ನಡುವಿನ ಹೊತ್ತಿಗೆ ಮೈಸೂರಿನಲ್ಲಿ ರಾತ್ರಿಯ ಉಷ್ಣತೆ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಾಲಿನ ಕಿಟಕಿಯಿಂದ ಗಾಳಿ ನುಗ್ಗುತ್ತದೆಂದು ನಾವು ಪಂಜರವನ್ನು ಅಲ್ಲಿಂದ ಎತ್ತಿ, ದೇವರ ಮನೆಯ ಮುಂದಿನ ಓಣಿಯಂಥ ಜಾಗದಲ್ಲಿಟ್ಟೆವು. ಅದರ ಮೇಲೆ ಹಳೆಯ ದಪ್ಪ ಜಮಖಾನೆಯೊಂದನ್ನು ಮೂರು ಕಡೆಯೂ ಇಳಿಬೀಳುವಂತೆ ಹೊದಿಸಿದೆವು. ನಮ್ಮ ಲೆಕ್ಕದಲ್ಲಿ ಅದು ಅಕ್ಕರೆಯ ಕೆಲಸ. ಅಮ್ಮ ಆ ತಿಂಗಳಿಡೀ ನಾಲ್ಕೂವರೆಗೇ ಎದ್ದು, ಸ್ನಾನ ಮುಗಿಸಿ, ಸೂರ್ಯ ಹುಟ್ಟುವುದರೊಳಗೆ ಹುಗ್ಗಿಯ ನೈವೇದ್ಯ ಮಾಡಿ ಪೂಜೆ ಪೂರೈಸುವವರು. ಊದುಬತ್ತಿಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕಡ್ಡಿಯ ಹೊಗೆ ಸಾಲದು. ಮೂರು ಊದುಬತ್ತಿ, ಅದರ ಮೇಲೆ ಕೆಂಡದಲ್ಲಿ ಉದುರಿಸಿದ ಸಾಂಬ್ರಾಣಿ. ಚಳಿಗೆಂದು ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು.

ಪೂಜೆ ಶುರುವಾಗಿ ಒಂದು ವಾರವಾಗುವಷ್ಟರಲ್ಲಿ, ರಾತ್ರಿ ಟಿ.ವಿ. ಆರಿಸಿ ಮನೆ ನಿಶ್ಶಬ್ದವಾದ ಮೇಲೆ, ಪಂಜರದ ಕಡೆಯಿಂದ ಒಂದು ಸಣ್ಣ ಸದ್ದು ಕೇಳಿತು. ಅಕ್ಕಿ ತೊಳೆದ ನೀರನ್ನು ಪಾತ್ರೆಗೆ ಸುರಿದಾಗ ಮೇಲೆ ನಿಲ್ಲುವ ನೊರೆ ಒಂದೊಂದಾಗಿ ಒಡೆಯುವಂತೆ, ಚಿಟ್, ಚಿಟ್ ಚಿಟ್, ಅಷ್ಟೇ. ಎರಡು ಮಾರು ದೂರ ಸರಿದರೆ ಕೇಳುತ್ತಿರಲಿಲ್ಲ. ಬೆಲ್ಲ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕುಳಿತಿತ್ತು. ಚಳಿಗೆ ಮುದುರಿ ಕುಳಿತು ಹಲ್ಲು ಮಸೆಯುತ್ತಿದೆ ಎಂದುಕೊಂಡೆ. ಮರುದಿನವೂ ಕೇಳಿತು, ಅದರ ಮರುದಿನವೂ. ಕಿವಿಗಡಚಿಕ್ಕುವ ಸೀಟಿಯೇ ಹುಲ್ಲಿನ ಎಳೆಯಾಗಿದ್ದ ಮೇಲೆ ಈ ಪಿಸುಮಾತಿಗೆ ಯಾರು ಹೆದರುತ್ತಾರೆ? ಅಲ್ಲದೆ ಕೊತ್ತಂಬರಿ ಸೊಪ್ಪಿನ ಸದ್ದಿಗೆ ಅದು ಎಂದಿನಂತೆ ಎದ್ದು ಬರುತ್ತಿತ್ತು. ಬಂದು, ಎಲೆಗಳನ್ನಷ್ಟೇ ತಿಂದು ದಂಟು ಬಿಡುತ್ತಿತ್ತು ಎಂಬುದನ್ನು ನಾನು ನೋಡಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಂಟನ್ನು ಕಡಿಯಲು ಉಸಿರು ಬೇಕು. ಬೇಟೆಗೆ ಸಿಕ್ಕುವ ಪ್ರಾಣಿಯ ಸ್ವಭಾವವೇ ಅದು: ನೋಡುವವರಿದ್ದಾರೆಂದರೆ ಆರೋಗ್ಯವಾಗಿರುವಂತೆ ನಟಿಸುತ್ತದೆ, ನಟಿಸುವ ಶಕ್ತಿ ಮುಗಿದಾಗ ನಮಗೆ ತಿಳಿಯುತ್ತದೆ.

ಆರನೆಯ ದಿನ ಶನಿವಾರ ರಾತ್ರಿ ಅದನ್ನು ಗುರುತಿಸಿದವರು ಅಮ್ಮ. ಅವರಿಗೆ ಇಪ್ಪತ್ತು ವರ್ಷಗಳಿಂದ ಉಬ್ಬಸ. ದೇವರ ದೀಪ ಆರಿದೆಯೇ ಎಂದು ನೋಡಲು ಹೋದವರು ಪಂಜರದ ಮುಂದೆ ಗೋಡೆ ಹಿಡಿದು ನಿಂತರು.

“ಇದರ ಎದೇಲಿ ಕಫ ಕಟ್ಟಿದೆ ಕಣೋ. ನನಗೆ ಬರೋ ಹಾಗೇ ಬರ್ತಿದೆ.”

ಚಳಿಗೆ ಹಲ್ಲು ಕಡಿಯುತ್ತಿದೆಯಮ್ಮ ಎಂದು ನಾನು ಹೇಳಿದೆ. “ಹಲ್ಲು ಕಡಿಯೋದು ಉಸಿರಿಗೆ ಸರಿಯಾಗಿ ಕಡಿಯುತ್ತೇನೋ? ಪಕ್ಕೆ ನೋಡು” ಎಂದರು.

ಜಮಖಾನೆ ಸರಿಸಿ ಟಾರ್ಚಿನ ಬೆಳಕನ್ನು ನೆಲಕ್ಕೆ ಹಿಡಿದು ನೋಡಿದೆ. ಬೆಲ್ಲದ ಪಕ್ಕೆ ಹೊಟ್ಟೆಯವರೆಗೂ ಒಳಕ್ಕೆಳೆದುಕೊಂಡು ಹೊರಗೆ ತಳ್ಳುತ್ತಿತ್ತು. ಪ್ರತಿ ಉಸಿರಿಗೂ ತಲೆ ಒಂದಿಷ್ಟು ಮುಂದಕ್ಕೆ ತೂಗುತ್ತಿತ್ತು. ಆ ತೂಗಿನ ಕೊನೆಗೇ ಸರಿಯಾಗಿ ಚಿಟ್ ಎನ್ನುತ್ತಿತ್ತು. ಅದನ್ನು ನೋಡಲು ಬಗ್ಗಿದಾಗ ಇನ್ನೊಂದು ವಿಷಯ ಮೂಗಿಗೆ ಬಡಿಯಿತು. ನಾವು ಆರಡಿ ಎತ್ತರದಲ್ಲಿ ಓಡಾಡುವವರು, ಪಂಜರದ ಹಾಸಿಗೆಯಿಂದ ಎರಡು ಅಂಗುಲ ಮೇಲೆ ಗಾಳಿ ಹೇಗಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಅಲ್ಲಿ ಮೂತ್ರದ ಘಾಟು ಕಣ್ಣುರಿಯುವಷ್ಟಿತ್ತು. ಚಳಿಗೆ ಒಗೆದ ಬಟ್ಟೆ ಬೇಗ ಒಣಗುವುದಿಲ್ಲವೆಂದು ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದ ಹಾಸುಬಟ್ಟೆಯನ್ನು ನಾಲ್ಕು ದಿನಕ್ಕೊಮ್ಮೆ ಬದಲಿಸತೊಡಗಿದ್ದೆವು, ಜಮಖಾನೆ ಆ ಅಮೋನಿಯಾವನ್ನು ಹೊರಹೋಗಲು ಬಿಡದೆ ಒಳಗೇ ಕೂಡಿಹಾಕಿತ್ತು, ಮುಂಜಾವಿನ ಹೊಗೆಯನ್ನೂ ಹಾಗೆಯೇ. ಆ ರಾತ್ರಿಯೇ ಜಮಖಾನೆ ತೆಗೆದು, ಹಾಸು ಬದಲಿಸಿ, ಪಂಜರವನ್ನು ಮಗಳ ಕೋಣೆಗೆ ಸಾಗಿಸಿದೆವು.

ಆಮೇಲೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸ್ಟೀಲ್ ಡಬರಿಯೊಂದನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅದರೊಳಗೆ ಗಿನಿಪಿಗ್ಗನ್ನು ಕೂರಿಸಿ ತೂಗುವುದು ನಮ್ಮ ಕ್ರಮ. ಪ್ರತಿ ಭಾನುವಾರ ಬೆಳಿಗ್ಗೆ, ತಿನ್ನಿಸುವ ಮೊದಲು ತೂಗಿ, ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ. ಒಂದೇ ದಿನದೊಳಗೆ ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದರಿಂದಲೇ 20–30 ಗ್ರಾಂ ಹೆಚ್ಚು ಕಡಿಮೆಯಾಗುವುದುಂಟು, ಆದ್ದರಿಂದ ಸಮಯ ಒಂದೇ ಇರಬೇಕು. ಹಿಂದಿನ ಎರಡು ಭಾನುವಾರಗಳಲ್ಲಿ ಬೆಲ್ಲ 946 ಮತ್ತು 938 ಗ್ರಾಂ ಇತ್ತು. ಆ ರಾತ್ರಿ 871. ಹೊಟ್ಟೆ ತುಂಬಿರಬೇಕಾದ ರಾತ್ರಿಯ ಹೊತ್ತಿನಲ್ಲೂ 67 ಗ್ರಾಂ ಕಡಿಮೆ. ಮನುಷ್ಯರ ಲೆಕ್ಕಕ್ಕೆ ತಂದರೆ, 60 ಕಿಲೋ ತೂಗುವವರು ಒಂದು ವಾರದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಕಳೆದುಕೊಂಡಂತೆ.

ಉಸಿರನ್ನು ಎಣಿಸುವುದು ಕೇಳಿದಷ್ಟು ಸುಲಭವಲ್ಲ. ಆರೋಗ್ಯವಾಗಿರುವ ಗಿನಿಪಿಗ್ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 40ರಿಂದ 100 ಬಾರಿ ಉಸಿರಾಡುತ್ತದೆ. ಅಷ್ಟು ವೇಗದ ಚಲನೆಯನ್ನು ದಪ್ಪ ಕೂದಲಿನ ಮೇಲೆ ನೋಡುತ್ತ ಎಣಿಸುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ಮಗಳು ಇದಕ್ಕೆ ಉಪಾಯ ಕಂಡುಕೊಂಡಳು. ಪ್ರಾಣಿ ಅಲುಗಾಡದೆ ಕುಳಿತಿರುವಾಗ ಪಕ್ಕೆಯ ಭಾಗ ತುಂಬುವಂತೆ ಮೊಬೈಲಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೊ ಮಾಡಿ, ಅದನ್ನು ನಿಧಾನಗತಿಯಲ್ಲಿ ಓಡಿಸಿ ಎಣಿಸಿ, ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸುವುದು. ಎಳ್ಳು 76, ಬೆಲ್ಲ 132. ಅದೇ ವಿಡಿಯೊದಲ್ಲಿ ಸದ್ದೂ ದಾಖಲಾಯಿತು. ವೈದ್ಯರ ಮುಂದೆ ಇದು ತುಂಬ ಉಪಯೋಗಕ್ಕೆ ಬಂತು, ಏಕೆಂದರೆ ಚಿಕಿತ್ಸಾಲಯದ ಮೇಜಿನ ಮೇಲೆ ಹೆದರಿದ ಗಿನಿಪಿಗ್ ಕಲ್ಲಿನಂತೆ ಸುಮ್ಮನಾಗುತ್ತದೆ, ಉಸಿರಿನ ವೇಗವೂ ಭಯದಿಂದಲೇ ಏರಿರುತ್ತದೆ. ಮನೆಯ ಸ್ಥಿತಿ ಅಲ್ಲಿ ಕಾಣುವುದಿಲ್ಲ. ಎತ್ತಿಕೊಂಡಾಗ ಇನ್ನೊಂದು ಗುರುತೂ ಸಿಕ್ಕಿತು: ಮುಂಗಾಲುಗಳ ಒಳಬದಿಯ ಕೂದಲು ಅಂಟಂಟಾಗಿ ಜಡೆಗಟ್ಟಿತ್ತು. ಮೂಗು ಸೋರಿದಾಗಲೆಲ್ಲ ಅದು ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ, ಆದ್ದರಿಂದಲೇ ಮೂಗು ನಮಗೆ ಯಾವಾಗಲೂ ಒಣಗಿದಂತೆ ಕಂಡಿತ್ತು. ಕಣ್ಣಂಚಿನಲ್ಲಿ ಗೀಜು ಒಣಗಿತ್ತು. ಗಿನಿಪಿಗ್‌ಗಳು ಮುಖ ತೊಳೆದುಕೊಳ್ಳುವಾಗ ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಹೊಮ್ಮಿಸಿ ಕ್ಷಣದಲ್ಲಿ ಒರೆಸಿಕೊಳ್ಳುತ್ತವೆ, ಅದು ಸಹಜ, ಇದು ಅದಾಗಿರಲಿಲ್ಲ.

ಭಾನುವಾರ ನಮ್ಮ ವೈದ್ಯರು ಊರಲ್ಲಿರಲಿಲ್ಲ. ತೆರೆದಿದ್ದ ಇನ್ನೊಂದು ಚಿಕಿತ್ಸಾಲಯಕ್ಕೆ ಹೋದೆ. ಅಲ್ಲಿ ನಾಯಿಗಳ ಸಾಲಿನ ಮಧ್ಯೆ ನಲವತ್ತು ನಿಮಿಷ ಕುಳಿತದ್ದು, ಬೆಲ್ಲ ಪೆಟ್ಟಿಗೆಯೊಳಗೆ ಆ ಬೊಗಳುವಿಕೆಗೆ ನಡುಗಿದ್ದು ಒಂದು ಕಡೆಯಿರಲಿ. ಅವರು ಕಫ ಎಂದು ಒಪ್ಪಿಕೊಂಡು ಬರೆದುಕೊಟ್ಟದ್ದು ಅಮಾಕ್ಸಿಸಿಲಿನ್ ಸಿರಪ್. ಆ ಹೆಸರನ್ನು ನಾನು ಎಲ್ಲಿ ನೋಡಿದರೂ ಗುರುತಿಸುತ್ತಿದ್ದೆ, ಏಕೆಂದರೆ ಗಿನಿಪಿಗ್ ತಂದ ಮೊದಲ ವಾರವೇ ಕಲಿತ ಪಾಠ ಅದು. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ವರ್ಗದ ಔಷಧಿಗಳನ್ನು ಬಾಯಿಯ ಮೂಲಕ ಕೊಟ್ಟರೆ ಈ ಪ್ರಾಣಿಯ ಕರುಳಿನಲ್ಲಿ ಹುಲ್ಲನ್ನು ಜೀರ್ಣಿಸಲು ನೆರವಾಗುವ ಬ್ಯಾಕ್ಟೀರಿಯಗಳು ಸಾಯುತ್ತವೆ, ಆ ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಹೆಚ್ಚಿ ವಿಷ ಉತ್ಪತ್ತಿ ಮಾಡುತ್ತವೆ, ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಕ್ಲಿಂಡಮೈಸಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್‌ಗಳೂ ಇದೇ ಪಟ್ಟಿಗೆ ಸೇರಿದವು. ಮಕ್ಕಳಿಗೂ ನಾಯಿಗೂ ನಿತ್ಯ ಕೊಡುವ ಔಷಧಿಯಾದ್ದರಿಂದ ಕೈ ತಾನಾಗಿ ಅದನ್ನು ಬರೆಯುತ್ತದೆ. ನಾನು ವಿನಯದಿಂದಲೇ ಕೇಳಿದೆ; “ಮೊದಲು ಮೂರು ದಿನ ಕೊಟ್ಟು ನೋಡಿ” ಎಂಬ ಉತ್ತರ ಬಂತು. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ, ಔಷಧಿ ಕೊಳ್ಳಲಿಲ್ಲ. ವೈದ್ಯರು ಬರೆದದ್ದನ್ನು ಕೊಡದೆ ಬಿಡುವುದು ನನ್ನಂಥವನ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಆ ರಾತ್ರಿ ಬೆಲ್ಲ ಸತ್ತಿದ್ದರೆ ಆ ನಿರ್ಧಾರದ ಹೊರೆ ಯಾರ ತಲೆಯ ಮೇಲಿರುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಸೋಮವಾರ ಬೆಳಿಗ್ಗೆ ನಮ್ಮ ವೈದ್ಯರು ವಿಡಿಯೊ ನೋಡಿದರು, ಕ್ಯಾಲೆಂಡರಿನ ಹಾಳೆಯನ್ನು ನೋಡಿದರು, ಆಮೇಲೆ ಸ್ಟೆತಸ್ಕೋಪ್ ಇಟ್ಟರು. ಉಸಿರಿಗೆ ಕಷ್ಟಪಡುತ್ತಿರುವ ಪ್ರಾಣಿಯನ್ನು ಅಂಗಾತ ಮಲಗಿಸಬಾರದೆಂದು, ಹೊಟ್ಟೆ ನೋಡುವಾಗಲೂ ಅದನ್ನು ನೆಟ್ಟಗೇ ಹಿಡಿಯುವಂತೆ ನನಗೆ ಹೇಳಿದರು. ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಆಮ್ಲಜನಕದ ಕೊಳವೆ ಬಿಟ್ಟು ಅದರಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಸುಧಾರಿಸಿದ ಮೇಲೆಯೇ ಎಕ್ಸ್‌ರೇ ತೆಗೆಸಿದರು. ಬಲಗಡೆಯ ಶ್ವಾಸಕೋಶದ ಕೆಳಭಾಗ, ಕಪ್ಪಾಗಿ ಕಾಣಬೇಕಾದ ಕಡೆ, ಚಾಮುಂಡಿ ಬೆಟ್ಟದ ಮೇಲೆ ಡಿಸೆಂಬರಿನಲ್ಲಿ ಕವಿಯುವ ಮಂಜಿನಂತೆ ಬೆಳ್ಳಗಿತ್ತು. ಹೃದಯದ ಗಾತ್ರ ಸರಿಯಾಗಿದೆ ಎಂಬುದನ್ನು ಅವರು ಬೆರಳಿಟ್ಟು ತೋರಿಸಿದರು. ವಯಸ್ಸಾದ ಗಿನಿಪಿಗ್‌ಗಳಲ್ಲಿ ಹೃದಯ ದೊಡ್ಡದಾಗಿ ಶ್ವಾಸಕೋಶದಲ್ಲಿ ನೀರು ನಿಂತಾಗಲೂ ಇಂಥದೇ ಚಿಟಿಚಿಟಿ ಸದ್ದು ಬರುತ್ತದಂತೆ. ಅದಕ್ಕೆ ಬೇರೆಯೇ ಔಷಧಿ, ಕಿವಿಯೊಂದನ್ನೇ ನಂಬಿದರೆ ಎರಡರ ವ್ಯತ್ಯಾಸ ಸಿಗುವುದಿಲ್ಲ.

ಮನೆಯಲ್ಲಿ ನಾಯಿ ಅಥವಾ ಮೊಲ ಇದೆಯೇ ಎಂದು ಅವರು ಕೇಳಿದರು. ನಾಯಿ, ಮೊಲಗಳ ಮೂಗು ಗಂಟಲಲ್ಲಿ ಏನೂ ತೊಂದರೆ ಮಾಡದೆ ಇರಬಲ್ಲ ಬಾರ್ಡಟೆಲ್ಲಾ ಎಂಬ ಬ್ಯಾಕ್ಟೀರಿಯ ಗಿನಿಪಿಗ್‌ಗೆ ತಗುಲಿದರೆ ನ್ಯುಮೋನಿಯಾ ತರುತ್ತದೆ; ಸ್ಟ್ರೆಪ್ಟೋಕಾಕಸ್‌ನ ಒಂದು ಜಾತಿಯೂ ಅಷ್ಟೇ. ನಮ್ಮಲ್ಲಿ ನಾಯಿಯಿಲ್ಲ, ಆದರೆ ಮಗಳು ಮಹಡಿ ಮನೆಯವರ ನಾಯಿಯನ್ನು ದಿನವೂ ಮುದ್ದಿಸಿ ಬರುತ್ತಾಳೆ. ಅದೇ ಕಾರಣವೆಂದು ಯಾರೂ ಹೇಳುವಂತಿರಲಿಲ್ಲ, ಅವರೂ ಹೇಳಲಿಲ್ಲ. ಹೊಗೆಯಾಗಲಿ ಅಮೋನಿಯಾವಾಗಲಿ ಚಳಿಯಾಗಲಿ ಸೋಂಕನ್ನು ಹುಟ್ಟಿಸುವುದಿಲ್ಲ, ಆದರೆ ಉಸಿರಿನ ದಾರಿಯ ಒಳಪೊರೆಯನ್ನು ಕೆರಳಿಸಿ ಸೋಂಕಿಗೆ ಬಾಗಿಲು ತೆರೆದಿಡುತ್ತವೆ ಎಂದಷ್ಟೇ ವಿವರಿಸಿದರು. ಪಕ್ಕದ ಮನೆಯವರು ಸೂಚಿಸಿದ್ದ ನೀಲಗಿರಿ ಎಣ್ಣೆಯ ಹಬೆಯನ್ನು ಪ್ರಸ್ತಾಪಿಸಿದಾಗ ಖಡಾಖಂಡಿತವಾಗಿ ಬೇಡವೆಂದರು.

ಚಿಕಿತ್ಸೆ ಒಟ್ಟು 21 ದಿನ ನಡೆಯಿತು. ಆಂಟಿಬಯಾಟಿಕ್ ಎನ್ರೋಫ್ಲಾಕ್ಸಸಿನ್; ಪ್ರಮಾಣವನ್ನು ಅವರು ಆ ದಿನದ ತೂಕದ ಮೇಲೆ ಲೆಕ್ಕ ಹಾಕಿ ಮಿಲಿಲೀಟರಿನ ಭಾಗಗಳಲ್ಲಿ ಬರೆದುಕೊಟ್ಟರು, ಆ ಅಂಕಿಗಳನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ, ಇನ್ನೊಬ್ಬರ ಗಿನಿಪಿಗ್‌ಗೆ ಅದು ಅನ್ವಯಿಸುವುದಿಲ್ಲ. ಔಷಧಿ ಕಹಿ. ಮೊದಲ ದಿನ ಅದು ತಲೆ ಕೊಡವಿ ನನ್ನ ಕನ್ನಡಕಕ್ಕೇ ಎರಚಿತು.

ಔಷಧಿಗಿಂತ ಹೆಚ್ಚು ಹೊತ್ತು ಹಿಡಿದದ್ದು ತಿನ್ನಿಸುವ ಕೆಲಸ. ಗಿನಿಪಿಗ್‌ನ ಕರುಳು ನಿಂತರೆ ಶ್ವಾಸಕೋಶ ಗುಣವಾಗುವವರೆಗೆ ಅದು ಬದುಕುವುದಿಲ್ಲ. ಪೆಲೆಟ್‌ಗಳನ್ನು, ಅಂದರೆ ಅವುಗಳ ಒಣ ಆಹಾರದ ಗುಳಿಗೆಗಳನ್ನು, ಬಿಸಿನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ತಿರುವಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ನೀರುಗಂಜಿಯ ಹದಕ್ಕೆ ತಂದು, ತುದಿ ಕತ್ತರಿಸಿ ನುಣುಪು ಮಾಡಿದ ಒಂದು ಮಿಲಿಲೀಟರಿನ ಸಿರಿಂಜಿನಲ್ಲಿ ತುಂಬಿಕೊಳ್ಳುವುದು. ಮಡಿಲಲ್ಲಿ ಟವೆಲ್ಲಿನ ಮೇಲೆ ನೆಟ್ಟಗೆ ಕೂರಿಸಿಕೊಂಡು, ಮುಂದಿನ ಹಲ್ಲುಗಳ ಹಿಂದಿರುವ ಖಾಲಿ ಜಾಗಕ್ಕೆ ಪಕ್ಕದಿಂದ ಸಿರಿಂಜಿಟ್ಟು, ಅರ್ಧ ಮಿಲಿಲೀಟರಿಗಿಂತ ಕಡಿಮೆ ಬಿಟ್ಟು, ಅದು ಅಗಿದು ನುಂಗುವವರೆಗೆ ಕಾಯಬೇಕು. ಕಾಯದೆ ತಳ್ಳಿದರೆ ಗಂಜಿ ಶ್ವಾಸನಾಳಕ್ಕಿಳಿದು, ಯಾವ ಕಾಯಿಲೆಗೆ ಔಷಧಿ ಕೊಡುತ್ತಿದ್ದೇವೋ ಅದನ್ನೇ ನಾವು ತಂದಿಟ್ಟಂತಾಗುತ್ತದೆ. ನಡುವೆ ಉಸಿರು ಜೋರಾದರೆ ನಿಲ್ಲಿಸಬೇಕು. ಮೊದಲ ನಾಲ್ಕು ದಿನ ಎರಡೂವರೆ ಮೂರು ಗಂಟೆಗೊಮ್ಮೆ, ರಾತ್ರಿಯಲ್ಲೂ, ಹೆಂಡತಿ ಮತ್ತು ನಾನು ಸರದಿ ಹಾಕಿಕೊಂಡೆವು. ನಾಲ್ಕೂವರೆಯ ಸರದಿ ಪೂಜೆಗೆ ಎದ್ದ ಅಮ್ಮನ ಪಾಲಾಯಿತು. ಮಕ್ಕಳಿಗೆ ಒಳಲೆಯಲ್ಲಿ ಹಾಲು ಹಾಕಿ ಬೆಳೆಸಿದ ಕೈ ಅದು, ನಮ್ಮಿಬ್ಬರಿಗಿಂತ ಅವರ ಕೈಯಲ್ಲೇ ಬೆಲ್ಲ ಹೆಚ್ಚು ತಿಂದಿತು.

ಈ ಪ್ರಾಣಿಗಳ ದೇಹ ಮನುಷ್ಯರ ದೇಹದಂತೆಯೇ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು, ಆಹಾರದಲ್ಲಿ ಬರಬೇಕು. ಕಾಯಿಲೆಯಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು. ನೀರಿಗೆ ಬೆರೆಸಿದರೆ ಬೇಗ ಕೆಡುತ್ತದೆಂದು ಹನಿಯನ್ನು ನೇರವಾಗಿ ಬಾಯಿಗೇ ಕೊಟ್ಟೆವು, ಜೊತೆಗೆ ದೊಣ್ಣೆಮೆಣಸಿನಕಾಯಿಯ ಸಣ್ಣ ತುಂಡುಗಳು. ದೇವರಾಜ ಮಾರುಕಟ್ಟೆಯಿಂದ ದಿನವೂ ತರುತ್ತಿದ್ದ ಗರಿಕೆಯಲ್ಲಿ ಒಂದು ಕಟ್ಟು ಗಣಪತಿಗೆ, ಒಂದು ಕಟ್ಟು ಚೆನ್ನಾಗಿ ತೊಳೆದು ಇವಕ್ಕೆ.

ಎಳ್ಳನ್ನು ಬೇರೆ ಕೋಣೆಯಲ್ಲಿಡಬೇಕೇ ಎಂದು ಕೇಳಿದ್ದೆ. ಆರು ದಿನ ಒಂದೇ ಗಾಳಿ ಉಸಿರಾಡಿದ ಮೇಲೆ ಈಗ ದೂರ ಮಾಡುವುದರಿಂದ ಪ್ರಯೋಜನ ಕಡಿಮೆ, ಒಂಟಿಯಾದರೆ ಎರಡೂ ತಿನ್ನುವುದನ್ನು ಬಿಡಬಹುದು, ನಡುವೆ ಜಾಲರಿ ಹಾಕಿ ಪಕ್ಕಪಕ್ಕದಲ್ಲೇ ಇಡಿ ಎಂದರು. ಅದರಿಂದ ಯಾವುದು ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು ಎಂದು ಬೇರೆ ಬೇರೆಯಾಗಿ ನೋಡಲು ಸಾಧ್ಯವಾಯಿತು. ಬೆಲ್ಲದ ಹಿಕ್ಕೆ ಮೊದಲ ಎರಡು ದಿನ ಜೀರಿಗೆಯಷ್ಟು ಸಣ್ಣದಾಗಿ, ಒಣಗಿ, ಎಣಿಸಿದರೆ ಇಪ್ಪತ್ತೂ ಇರುತ್ತಿರಲಿಲ್ಲ. ನಾಲ್ಕನೆಯ ದಿನ ಸ್ವಲ್ಪ ದಪ್ಪವಾದಾಗ ನಾವು ಮೂವರೂ ಬಗ್ಗಿ ಅದನ್ನು ನೋಡಿ ಸಂತೋಷಪಟ್ಟದ್ದನ್ನು ಹೊರಗಿನವರು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ದಿನಕ್ಕೆರಡು ಬಾರಿ ನೆಬ್ಯುಲೈಜರಿನಲ್ಲಿ ಬರಿಯ ಸಲೈನ್ ಮಂಜನ್ನು ಹತ್ತು ನಿಮಿಷ ಕೊಡಲು ವೈದ್ಯರು ಹೇಳಿದ್ದರು. ಆ ಯಂತ್ರ ಮನೆಯಲ್ಲೇ ಇತ್ತು, ಅಮ್ಮನದು. ಅವರ ಮಾಸ್ಕ್ ತೆಗೆದಿಟ್ಟು, ಬೇರೆ ಕೊಳವೆ ಮತ್ತು ಔಷಧಿಯ ಬಟ್ಟಲು ತಂದು, ಮುಚ್ಚಳದಲ್ಲಿ ತೂತುಗಳಿದ್ದ ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆಲ್ಲವನ್ನು ಕೂರಿಸಿದೆವು. ಯಂತ್ರದ ಗುಂಯ್ ಸದ್ದಿಗೆ ಅದು ಹೆದರದಿರಲೆಂದು ಅಮ್ಮ ಮೊದಲು ತಮ್ಮದನ್ನು ಅದರ ಎದುರಿಗೇ ಕುಳಿತು ತೆಗೆದುಕೊಂಡರು. ಸಾಂಬ್ರಾಣಿಯ ಮಾತನ್ನು ಎತ್ತಲು ನಾನು ಒಂದು ವಾರದಿಂದ ಹಿಂಜರಿಯುತ್ತಿದ್ದೆ. ಆ ದಿನ ಅವರೇ, “ನಾಳೆಯಿಂದ ಧೂಪ ತುಳಸಿಕಟ್ಟೆ ಹತ್ತಿರ ಹಾಕ್ತೀನಿ, ಒಳಗೆ ದೀಪ ಒಂದೇ ಸಾಕು. ನನ್ನ ಎದೆಗೂ ಹಗುರ” ಎಂದರು. ಸೊಳ್ಳೆಬತ್ತಿಯನ್ನು ನಾವಾಗಿಯೇ ನಿಲ್ಲಿಸಿ ಕಿಟಕಿಗೆ ಜಾಲರಿ ಹಾಕಿಸಿದೆವು. ಮೆಣಸಿನಕಾಯಿ ಒಗ್ಗರಣೆಯ ದಿನ ಮಗಳ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಚಳಿಗೆ ಪಂಜರ ಮುಚ್ಚುವ ಬದಲು, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಂದು ಮೂಲೆಯಲ್ಲಿಡುತ್ತೇವೆ. ಬೇಕಾದರೆ ಒರಗಿಕೊಳ್ಳುತ್ತದೆ, ಬೇಡವಾದರೆ ದೂರ ಹೋಗುತ್ತದೆ.

ಐದನೆಯ ದಿನ ತೂಕ 858ಕ್ಕಿಳಿದು ಅಲ್ಲಿಗೆ ನಿಂತಿತು. ಏಳನೆಯ ದಿನ 863. ಎಂಟನೆಯ ದಿನ ಉಸಿರು 104. ಹನ್ನೊಂದನೆಯ ರಾತ್ರಿ ಕಿವಿಯನ್ನು ಪಂಜರದ ಸರಳಿಗೆ ಒತ್ತಿ ಹಿಡಿದರೂ ನೊರೆಯ ಸದ್ದು ಕೇಳಲಿಲ್ಲ. ಸದ್ದು ನಿಂತಿತೆಂದು ಔಷಧಿ ನಿಲ್ಲಿಸಬೇಕೆಂಬ ಆಸೆ ನನಗಾದದ್ದು ನಿಜ, ಅಷ್ಟರಲ್ಲಿ ಇಬ್ಬರಿಗೂ ಆ ಸಿರಿಂಜ್ ಕಂಡರಾಗದಂತಾಗಿತ್ತು. ಆದರೆ ಹದಿನಾಲ್ಕನೆಯ ದಿನದ ಎಕ್ಸ್‌ರೇಯಲ್ಲಿ ಮಂಜು ಚೆದುರಿದ್ದರೂ ಪೂರ್ತಿ ಕರಗಿರಲಿಲ್ಲ, ವೈದ್ಯರು ಇನ್ನೊಂದು ವಾರ ಮುಂದುವರಿಸಿದರು. ಸಂಕ್ರಾಂತಿ ಆ ವಾರದಲ್ಲೇ ಬಂತು. ಎಳ್ಳುಬೆಲ್ಲವನ್ನು ಎಳ್ಳಿಗೂ ಬೆಲ್ಲಕ್ಕೂ ಕೊಡುವಂತಿಲ್ಲವೆಂದು ಮಗಳು ಎಲ್ಲ ಮನೆಗಳಲ್ಲೂ ಹೇಳಿಕೊಂಡು ಬಂದಳು. ಅಂದು ಬೆಳಿಗ್ಗೆ ಬೆಲ್ಲ 902 ಗ್ರಾಂ ಇತ್ತು, ಕೊತ್ತಂಬರಿಯ ದಂಟನ್ನು ಬೇರಿನವರೆಗೆ ಕಡಿದು ತಿಂದಿತ್ತು.

ಅಮೋನಿಯಾ ಮತ್ತು ಹೊಗೆಯ ನಂತರ ಉಳಿದದ್ದು ಬೇಸಿಗೆಯ ಒಂದು ಸಂಗತಿ. ಏಪ್ರಿಲಿನ ಒಂದು ಮಧ್ಯಾಹ್ನ, ಕರೆಂಟ್ ಹೋದಾಗ, ಎರಡೂ ಮೈ ಚಾಚಿ ಮಲಗಿ ವೇಗವಾಗಿ ಉಸಿರಾಡುತ್ತಿದ್ದವು, ಒಂದಿಷ್ಟೂ ಸದ್ದಿಲ್ಲದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ತಂಪಿನಿಂದ ಬಂದ ಈ ಪ್ರಾಣಿಗಳಿಗೆ 18ರಿಂದ 24 ಡಿಗ್ರಿ ಹಿತ, 30ರ ಹತ್ತಿರ ಹೋದರೆ ಅಪಾಯ. ನಮ್ಮ ಕೋಣೆಯಲ್ಲಿ ಅಂದು 32 ಇತ್ತು. ನೆಲದ ಮೇಲಿನ ತಣ್ಣನೆಯ ಕಡಪಾ ಕಲ್ಲಿಗೆ ಸಾಗಿಸಿ, ಒದ್ದೆ ಬಟ್ಟೆಯಿಂದ ಕಿವಿ ಒರೆಸಿ, ವೈದ್ಯರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಉಸಿರು 90ಕ್ಕೆ ಇಳಿಯಿತು. ಸದ್ದೇ ಇಲ್ಲದ ತೊಂದರೆಯೂ ಇರುತ್ತದೆಂದು ಪಟ್ಟಿಗೆ ಸೇರಿಸಿಕೊಂಡೆ.

ಮಳೆಗಾಲ ಶುರುವಾದ ಮೇಲೆ, ಹೋದ ವಾರ, ಎಳ್ಳು ಮತ್ತೆ ಪೀಪಿ ಊದಿತು, ರಾತ್ರಿ ಹನ್ನೊಂದಕ್ಕೆ. ಮೊಬೈಲಿನಲ್ಲಿ ಹದಿನೈದು ಸೆಕೆಂಡು ಹಿಡಿದು ಎಣಿಸಿದೆ, 72. ಡಬರಿಯಲ್ಲಿ ಕೂರಿಸಿ ತೂಗಿದೆ, 1,018. ಪಕ್ಕೆ ಶಾಂತವಾಗಿತ್ತು, ಕಾಲಿನ ಒಳಬದಿ ಒಣಗಿತ್ತು. ಹೊಳ್ಳೆಯ ಸುತ್ತ ಒದ್ದೆ ಹತ್ತಿಯಿಂದ ಒರೆಸಿ ಕೆಳಗಿಟ್ಟೆ. ನಾಲ್ಕು ಬಾರಿ ಸೀನಿ, ಹುಲ್ಲಿನ ಕಡೆಗೇ ಹೋಯಿತು. ಬೆಲ್ಲ ಅದರ ಪಕ್ಕದಲ್ಲಿ ಮಲಗಿತ್ತು. ಅದರಿಂದ ಯಾವ ಸದ್ದೂ ಬರುತ್ತಿರಲಿಲ್ಲ, ಆದರೂ ಅದರದೊಂದು ಹದಿನೈದು ಸೆಕೆಂಡು ಹಿಡಿದುಕೊಂಡೇ ಮಲಗಲು ಹೋದೆ.